ಹಾಸಿಗೆಯ ಸುದ್ದಿ

ಪತ್ರಿಕಾ ಕಚೇರಿಗಳಲ್ಲಿ ಅವಳಿಗೆ ಜಿಗಣೆ ಎಂದೇ ಹೆಸರು. ಹಿಡಿದರೆ ಬಿಡುವವಳಲ್ಲ. ಕಂಪನಿಗಳ ಪರವಾಗಿ ಪತ್ರಕರ್ತರಿಗೆ ಫೋನ್ ಮಾಡಿ, ನಮ್ಮವರ ಬಗ್ಗೆ ನಾಲ್ಕು ಸಾಲು ಹಾಕಿ ಎಂದು ಕಾಡುವುದು ಅವಳ ಹೊಟ್ಟೆಪಾಡು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಹೆಗ್ಗಣಕ್ಕೆ ಪೌಡರ್ ಬಳಿದು ಊರಿಗೆಲ್ಲ ತೋರಿಸುವ ಕೆಲಸ.

ಈ ಸಲದ ಹೆಗ್ಗಣ ಒಂದು ಹಾಸಿಗೆ. ಅದನ್ನು ತಯಾರಿಸಿದ ಧಣಿ ಸೂಟಿನೊಳಗೆ ತುರುಕಿದ ದಿಂಬಿನಂಥ ಮನುಷ್ಯ. "ಇದು ಹಾಸಿಗೆ ಅಲ್ಲಮ್ಮಾ, ಕ್ರಾಂತಿ! ಹಾಗಂತಲೇ ಬರಿ" ಎಂದ. ಅವಳು ಹಲ್ಲು ಕಚ್ಚಿಕೊಂಡು ಬರೆದು ಪತ್ರಿಕೆಗಳಿಗೆ ಕಳಿಸಿದಳು.

ದೊಡ್ಡ ಪತ್ರಿಕೆಯೊಂದರ ವಾಣಿಜ್ಯ ಪುಟ ನೋಡಿಕೊಳ್ಳುವವನನ್ನು ಎಲ್ಲರೂ ಕತ್ತರಿ ಅನ್ನುತ್ತಿದ್ದರು. ಅವನ ಕೈಗೆ ಸಿಕ್ಕ ಬರಹ ಮೂಳೆಚಕ್ಕಳವಾಗಿಯೇ ಹೊರಬರುತ್ತಿತ್ತು. ಮಧ್ಯಾಹ್ನ ಅವನಿಗೆ ಫೋನ್ ಮಾಡಿದಳು.

"ರೀ ಮೇಡಂ, ಕ್ರಾಂತಿ ಮೇಲೆ ಯಾರಾದ್ರೂ ನಿದ್ದೆ ಮಾಡ್ತಾರೇನ್ರೀ?"

"ಏಳು ಪದರ ಇದೆ ಸಾರ್."

"ಈರುಳ್ಳಿಗೂ ಇದೆ. ಸುದ್ದಿ ಎಲ್ಲಿದೆ?"

"ಬೆನ್ನುನೋವು ಹೋಗುತ್ತೆ."

"ಯಾರದ್ದು ಹೋಯ್ತು? ನಿಮ್ಮ ಧಣಿ ಇದರ ಮೇಲೇ ಮಲಗ್ತಾರಾ?"

"ಇನ್ನೆಲ್ಲಿ ಮಲಗ್ತಾರೆ ಸಾರ್!" ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಸರಿ ಹಾಗಾದ್ರೆ. ನಾಳೆ ಬೆಳಗ್ಗೆ ಅವ್ರ ಮನೇಗೇ ಬರ್ತೀನಿ, ಫೋಟೊದವನನ್ನೂ ಕರ್ಕೊಂಡು."

ವಿಷಯ ಕೇಳಿ ಧಣಿ ರಾಗ ಎಳೆದ. "ಮನೇಗಾ? ಅಂಗಡೀಲಿ ತೋರಿಸಿದ್ರೆ ಆಗಲ್ವಾ?" ಏನೋ ಎಡವಟ್ಟಿದೆ ಎಂದು ಅವಳಿಗೆ ವಾಸನೆ ಹೊಡೆಯಿತು. ಆದರೆ ಕೈಗೆ ಬಂದ ತುತ್ತನ್ನು ಬಿಡಲು ಮನಸ್ಸಾಗಲಿಲ್ಲ.

ಬೆಳಗ್ಗೆ ಕಾರ್ಖಾನೆಯ ವ್ಯಾನಿನಲ್ಲಿ ಹೊಸ ಹಾಸಿಗೆ ತರಿಸಿ, ಪ್ಲಾಸ್ಟಿಕ್ ಕಿತ್ತು, ಚಾದರ ಹಾಸಿ ಮುಗಿಸುವುದಕ್ಕೂ ಕತ್ತರಿ ಬರುವುದಕ್ಕೂ ಸರಿಹೋಯಿತು. ಧಣಿ ಇಸ್ತ್ರಿ ಮಾಡಿದ ಪೈಜಾಮ ತೊಟ್ಟು, ಕೈಕಾಲು ಚಾಚಿ, ಸೂರು ನೋಡಿಕೊಂಡು ನಗುತ್ತ ಮಲಗಿದ.

ಅಷ್ಟರಲ್ಲಿ ಕೋಲೂರಿಕೊಂಡು ಬಂದರು ಅವನ ತಾಯಿ.

"ಅಯ್ಯೋ ಮಗನೇ, ನೆಲ ಬಿಟ್ಟು ಅಲ್ಯಾಕೋ ಬಿದ್ದಿದೀಯ? ಮೆತ್ತನೇದು ಬೇಡ ಅಂತ ಡಾಕ್ಟರು ಬಡ್ಕೊಂಡಿಲ್ವಾ? ಬೆನ್ನು ಹಿಡ್ಕೊಂಡ್ರೆ ಎಬ್ಬಿಸೋರು ಯಾರು?"

ಧಣಿ ದಡಬಡಿಸಿ ಏಳಲು ಹೋದ. ಬೆನ್ನು ಹಿಡಿದುಕೊಂಡೇಬಿಟ್ಟಿತು. ಏಳು ಪದರಗಳೂ ಒಟ್ಟಾಗಿ ಅವನನ್ನು ಒಳಗೆ ಎಳೆದುಕೊಂಡವು. ಜಿಗಣೆ ಒಂದು ಕೈ, ಕತ್ತರಿ ಇನ್ನೊಂದು ಕೈ ಹಿಡಿದು ಜಗ್ಗಿದರು. "ಮೆಲ್ಲಗ್ರೋ, ಮುರಿದೀರ!" ಎಂದು ತಾಯಿ ಮೂಲೆಯಿಂದ ಕೋಲು ಬೀಸಿದರು. ಫೋಟೊದವನು ಸುಮ್ಮನೆ ತನ್ನ ಕೆಲಸ ಮಾಡಿಕೊಂಡ.

ಗೇಟಿನ ಹತ್ತಿರ ಅವಳು ಕತ್ತರಿಯ ದಾರಿಗೆ ಅಡ್ಡ ನಿಂತಳು. "ಸಾರ್, ದಮ್ಮಯ್ಯ, ಇದನ್ನ ಹಾಕ್ಬೇಡಿ."

"ಇಷ್ಟು ವರ್ಷ ಹಾಕಿ ಹಾಕಿ ಅಂತ ಪ್ರಾಣ ತಿಂದ್ರಿ. ಮೊದಲನೇ ಸಲ ಸುದ್ದಿ ಕೊಟ್ಟಿದೀರ, ಈಗ ಬೇಡ ಅಂತೀರಲ್ರೀ!"

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಗೆ ಮೂಗು ಒರೆಸಿಕೊಂಡು, "ಹಾಕೋದಾದ್ರೆ ಮೊದಲ ಪುಟಕ್ಕೆ ಹಾಕಿಸಿ ಸಾರ್. ಒಳಪುಟದಲ್ಲಿ ಮಾನ ಕಳ್ಕೊಳ್ಳೋಕೆ ನಂಗಿಷ್ಟ ಇಲ್ಲ" ಎಂದಳು.

ಮೊದಲ ಪುಟದಲ್ಲೇ ಬಂತು. 'ಮಾರುವುದು ಹಾಸಿಗೆ, ಮಲಗುವುದು ನೆಲದ ಮೇಲೆ.' ಧಣಿ ಬೆಳಗಾಗುತ್ತಲೇ ಫೋನ್ ಮಾಡಿ, ಅವಳ ಏಳು ತಲೆಮಾರನ್ನೂ ಜಾಲಾಡಿ, ಇನ್ನು ಮುಖ ತೋರಿಸಬೇಡ ಎಂದ.

ಮಧ್ಯಾಹ್ನ ಅವನ ತಾಯಿಯ ಫೋನ್. "ನೋಡಮ್ಮಾ, ಫೋಟೊ ಮೂಲೇಲಿ ನಾನೂ ಬಂದಿದೀನಿ! ನೆಂಟರೆಲ್ಲ ಫೋನ್ ಮಾಡಿದ್ದೇ ಮಾಡಿದ್ದು. ಮಾತು ಬಿಟ್ಟಿದ್ದ ನಮ್ಮ ವಾರಗಿತ್ತಿ ಕೂಡ ಮಾಡಿದ್ಲು. ತಡಿ, ಇವ್ನಿಗೂ ಏನೋ ಹೇಳ್ಬೇಕಂತೆ."

ಧಣಿ ಕೆಮ್ಮಿದ. "ಅಂಗಡಿಗೆ ಜನ ಬಂದು ಗಟ್ಟಿ ಹಾಸಿಗೆ ಇದ್ಯಾ ಅಂತ ಕೇಳ್ತಿದಾರಮ್ಮಾ. ಮಾಡಿಸೋಣ ಅಂತಿದೀನಿ. ನೀನು ಬರೆದುಕೊಡ್ತೀಯಾ?"

"ಬರೀತೀನಿ ಸಾರ್. ಆದ್ರೆ ಮೊದಲು ನೀವು ಒಂದು ತಿಂಗಳು ಅದರ ಮೇಲೆ ಮಲಗಿ. ನಿಮ್ಮ ಬೆನ್ನು ಏನನ್ನುತ್ತೋ ಅದನ್ನೇ ಬರೀತೀನಿ. ಹೊಗಳಿದ್ರೂ ಸರಿ, ಬೈದ್ರೂ ಸರಿ."



"ಹದಿನೈದು ದಿನ ಸಾಲ್ದಾ?" ಎಂದು ಧಣಿ ಚೌಕಾಸಿಗಿಳಿದ.