ಸೊನ್ನೆ ಅಕ್ಕನ ರಕ್ತ

ಮೊದಲ ಸಲ ತನ್ನ ರಕ್ತದ ಸ್ಲೈಡಿನಲ್ಲಿ ಹಳದಿ ಕಂಡಾಗ ಸೊನ್ನೆ ಅಕ್ಕನಿಗೆ ನಗು ಬಂತು. ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಟ್ಯೂಬು ಅದಲುಬದಲು ಮಾಡಿಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡು ಸ್ಲೈಡನ್ನು ಬದಿಗಿಟ್ಟಳು.

ಆ ಲ್ಯಾಬಿನಲ್ಲಿ ಇಲಿಯ ಮಿದುಳಿನ ತೆಳು ಪದರದ ಮೇಲೆ ಮೊಲದಿಂದ ತೆಗೆದ ಆಂಟಿಬಾಡಿ ಹಾಕುತ್ತಾರೆ. ನರಕೋಶದ ಹೊರಪೊರೆಯಲ್ಲಿರುವ ಒಂದು ಪ್ರೋಟೀನನ್ನು ಅದು ಹುಡುಕಿಕೊಂಡು ಹೋಗಿ ಕಚ್ಚಿಕೊಳ್ಳುತ್ತದೆ, ಕೆಂಪಗೆ. ಜೊತೆಗೆ ರೋಗಿಯ ಸೀರಮ್, ಅಂದರೆ ರಕ್ತದ ತಿಳಿ. ಅವನ ಮೈಯೇ ಅವನ ಮಿದುಳಿನ ಮೇಲೆ ತಿರುಗಿಬಿದ್ದಿದ್ದರೆ ಅವನ ಆಂಟಿಬಾಡಿಯೂ ಅಲ್ಲೇ ಹೋಗಿ ಕೂರುತ್ತದೆ, ಹಸಿರಾಗಿ. ಎರಡರ ಬೆಳಕೂ ಕೂಡಿದ ಕಡೆ ಹಳದಿ. ಅಂಥವರಿಗೆ ಮೊದಮೊದಲು ಇಲ್ಲದವರ ಮಾತು ಕೇಳಿಸುತ್ತದೆ. ಹೋಲಿಸಿ ನೋಡಲು ಆರೋಗ್ಯವಂತರದೂ ಒಂದು ಬೇಕಲ್ಲ, ಅದಕ್ಕೆ ಪ್ರತಿ ತಿಂಗಳು ತೋಳು ಚಾಚುವವಳು ಇವಳೇ. ಇವಳದು ಯಾವತ್ತೂ ಸೊನ್ನೆ. ಲ್ಯಾಬಿನ ಹುಡುಗರು ಅದನ್ನೇ ಹೆಸರು ಮಾಡಿಬಿಟ್ಟಿದ್ದರು.

ಎರಡನೇ ಸಲ ಆಂಟಿಬಾಡಿಯ ಹೊಸ ಪೆಟ್ಟಿಗೆ ಒಡೆದು, ಪ್ರತಿ ಲೇಬಲ್ಲನ್ನೂ ಗಟ್ಟಿಯಾಗಿ ಓದಿಕೊಂಡು ಮಾಡಿದಳು. ಫ್ರೀಜರಿನಲ್ಲಿದ್ದ ಮೂರು ತಿಂಗಳ ಹಿಂದಿನ ತನ್ನ ಸೀರಮ್ಮನ್ನೂ ಪಕ್ಕದಲ್ಲಿ ಹಾಕಿದಳು. ಹಳೆಯದು ಬರೀ ಕೆಂಪು. ಹೋದ ವಾರದ್ದು ಮತ್ತೆ ಹಳದಿ.

ಮನೆಯ ಸಂಗತಿ ನೆನಪಿಗೆ ಬಂತು. ನಾಲ್ಕು ದಿನದಿಂದ ಮೇಲಿನ ಮನೆಯಲ್ಲಿ ಒಬ್ಬ ಹೆಂಗಸು ಮಗುವಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಗಂಡ, "ಮೇಲೆ ಯಾರಿದಾರೆ ಕಣೇ? ಬೀಗ ಹಾಕಿದೆ" ಎಂದಿದ್ದ. ಅವನ ಕಿವಿಗೆ ಎಣ್ಣೆ ಬಿಡಬೇಕೆಂದು ಇವಳು ಆಡಿಕೊಂಡಿದ್ದಳು.

ಪ್ರಯೋಗದ ಪುಸ್ತಕ ತೆರೆದು ಕೂತಳು. ಸೊನ್ನೆ ಎಂದು ಬರೆದುಬಿಟ್ಟರೆ ಕೇಳುವವರಿಲ್ಲ. ಆದರೆ ತಾನು ತಾನಾಗಿ ಇನ್ನೆಷ್ಟು ದಿನ? ಬೇಗ ಔಷಧಿ ಸಿಕ್ಕವರು ಚೇತರಿಸಿಕೊಂಡಿದ್ದರು. ತಡವಾದವರಲ್ಲಿ ಕೆಲವರಿಗೆ ಹೆತ್ತ ಮಕ್ಕಳ ಗುರುತೂ ಉಳಿದಿರಲಿಲ್ಲ. ಭಯವಾಯಿತು, ತುಂಬ ಭಯವಾಯಿತು. ಸ್ಲೈಡು ಹಿಡಿದು ಎದ್ದಳು.

ಲ್ಯಾಬಿನ ಡಾಕ್ಟರು ಮೈಕ್ರೋಸ್ಕೋಪಿಗೆ ಇಟ್ಟ ಕಣ್ಣನ್ನು ಬಹಳ ಹೊತ್ತು ತೆಗೆಯಲಿಲ್ಲ. "ಯಾವ ರೋಗೀದಮ್ಮ ಇದು?"

"ನಂದು ಸರ್."

"ತಮಾಷೆ ಮಾಡ್ಬೇಡ."

"ಎರಡು ಸಲ ಮಾಡ್ದೆ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕೂತ್ಕೊಮ್ಮ. ಇವತ್ತೇ ಅಡ್ಮಿಟ್ ಆಗ್ಬಿಡು. ಬೇಗ ಗೊತ್ತಾಯ್ತಲ್ಲ, ಹೆದರ್ಕೋಬೇಡ" ಎನ್ನುತ್ತ ರೋಗಿಗಳ ಫಾರಂ ಒಂದನ್ನು ಎಳೆದುಕೊಂಡರು. "ವಯಸ್ಸೆಷ್ಟು?"

"ನಲವತ್ತೊಂದು" ಎಂದು ಅವಳ ಬೆನ್ನ ಹಿಂದಿನಿಂದ ಯಾರೋ ಸ್ಪಷ್ಟವಾಗಿ ಹೇಳಿದರು.

ಸೊನ್ನೆ ಅಕ್ಕ ತಿರುಗಿ ನೋಡಲಿಲ್ಲ. ಡಾಕ್ಟರ ಪೆನ್ನನ್ನೇ ನೋಡುತ್ತಿದ್ದಳು. ಅದು ಖಾಲಿ ಗೆರೆಯ ಮೇಲೆ ಕಾಯುತ್ತ ನಿಂತಿತ್ತು.