ಮಿಡತೆಯ ಮಂಡಿ, ಅಪ್ಪನ ಪೆಟ್ಟಿಗೆ

ಅಡುಗೆಮನೆಯ ತಲೆಯ ಮೇಲೆ ಮತ್ತೆ ಶುರುವಾಯಿತು. ಧಡ್. ಧಡ್. ಪ್ರತಿ ಸಲಕ್ಕೂ ಪಾತ್ರೆಯ ಮುಚ್ಚಳ ಕಿಣಿಕಿಣಿ ಎಂದಿತು. ಅಮ್ಮ ಸೌಟು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ಕೇಳಿಸ್ತಾ ಇದೆಯಾ?"

"ಕೇಳಿಸದೆ ಏನು? ನಮ್ಮ ಮಿಡತೆ ಜಿಗೀತಿದಾಳೆ," ಎಂದ ಅಪ್ಪ, ಹೆಮ್ಮೆಯಿಂದ.

"ಜಿಗಿಯೋದು ಕೇಳಿಸ್ತಿಲ್ಲ ನನಗೆ. ಬೀಳೋದು ಕೇಳಿಸ್ತಿದೆ. ನಿನ್ನೆಗಿಂತ ಜೋರಾಗಿದೆ."

"ನಿನ್ನ ಕಿವಿಗೆ ಎಲ್ಲವೂ ಜೋರೇ. ನಾನು ಮೆಲ್ಲಗೆ ಕೆಮ್ಮಿದ್ರೂ ಡಾಕ್ಟರ ಹತ್ರ ಹೋಗಿ ಅಂತೀಯ."

ಅಮ್ಮ ಸೌಟು ಎತ್ತಿಕೊಂಡು ಒಲೆಯ ಕಡೆ ತಿರುಗಿದಳು. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಅಪ್ಪ ಬಡಗಿ. ಮನೆಯ ಮುಂಭಾಗವೇ ಅವನ ಕೆಲಸದ ಜಾಗ. ಮಗಳು ಶಾಲೆಯ ವಾಲಿಬಾಲ್ ತಂಡದಲ್ಲಿ ನೆಟ್ಟಿನ ಬಳಿ ಎಗರಿ ಹೊಡೆಯುವವಳು. ಚಿಕ್ಕಂದಿನಿಂದಲೂ ನಿಂತಲ್ಲಿ ನಿಲ್ಲದವಳು, ಅದಕ್ಕೇ ಮನೆಯವರಿಗೆಲ್ಲ ಮಿಡತೆ. ತಿಂಗಳ ಕೊನೆಗೆ ದೊಡ್ಡ ತಂಡದ ಆಯ್ಕೆ ಇತ್ತು. ಇನ್ನೊಂದು ಗೇಣು ಎತ್ತರ ಹಾರಿದರೆ ತನ್ನ ಜಾಗ ಖಂಡಿತ ಎಂದು ಹುಡುಗಿ ನಂಬಿಕೊಂಡಿದ್ದಳು. ಮೊಬೈಲಿನಲ್ಲಿ ಯಾರೋ ಆಟಗಾರ ಎತ್ತರದ ಪೆಟ್ಟಿಗೆಯಿಂದ ನೆಲಕ್ಕೆ ಧುಮುಕಿ, ನೆಲ ಮುಟ್ಟಿದ ಕೂಡಲೇ ಮತ್ತೆ ಮೇಲಕ್ಕೆ ಚಿಮ್ಮುವುದನ್ನು ನೋಡಿದಳು. "ಅಪ್ಪಾ, ನನಗೂ ಒಂದು ಪೆಟ್ಟಿಗೆ ಬೇಕು" ಎಂದಳು. ಅಷ್ಟೇ ಸಾಕಾಯಿತು.

ಕಷ್ಟವೇನೆಂದರೆ ಅಪ್ಪ ಒಳ್ಳೆಯ ಬಡಗಿ. ಮೊದಲ ಪೆಟ್ಟಿಗೆ ಮಂಡಿಯೆತ್ತರ. ಮಗಳು ಅದರಿಂದ ಧುಮುಕಿ ನಕ್ಕಳು. ಮುಂದಿನದು ಸೊಂಟದೆತ್ತರ. ಅದಕ್ಕೂ ನಕ್ಕಳು. ಕೊನೆಯದು ಅವಳ ಎದೆಗೆ ಬಂತು. ಒಂದು ಮೊಳೆಯೂ ಕಾಣದಂತೆ ಕೂಡಿಸಿ, ಉಜ್ಜಿ, ಮುಖ ಕಾಣುವಂತೆ ಪಾಲಿಶ್ ಹಾಕಿ, ತಾರಸಿಯ ಸಿಮೆಂಟಿನ ಮೇಲೆ ತಂದಿಟ್ಟ. ಅಕ್ಕಪಕ್ಕದವರು ಮೆಟ್ಟಿಲು ಹತ್ತಿ ಬಂದು ಪೆಟ್ಟಿಗೆಯನ್ನು ಸವರಿ, ಹೊಗಳಿ ಹೋದರು. ಮಗಳ ಮಂಡಿಯ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಅಮ್ಮನ ಕಣ್ಣು ಮಾತ್ರ ಅತ್ತ ಹೋಯಿತು. ಮಿಡತೆ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿನ ಮೇಲೂ ಎರಡು ಕಾಲು ಕೂಡಿಸಿಕೊಂಡು, ಅಜ್ಜಿಯ ಹಾಗೆ ಇಳಿಯುತ್ತಿದ್ದಳು.

"ಏನಾಗಿದೆಯೇ ಕಾಲಿಗೆ?"

"ಏನಿಲ್ಲಮ್ಮ. ಬಿಗಿದುಕೊಂಡಿದೆ, ಅಷ್ಟೆ."

"ಎದೆಯೆತ್ತರದಿಂದ ಧುಮುಕೋಳಿಗೆ ಮನೆ ಮೆಟ್ಟಿಲು ಇಳಿಯೋಕಾಗ್ತಿಲ್ಲ. ಇದೆಂಥ ತರಬೇತಿ!"

"ಮೈ ನೋಯಿಸ್ಕೊಳ್ಳದೆ ಯಾರಿಗೆ ಬಲ ಬಂದಿದೆ?" ಎಂದು ಉಜ್ಜುಗೊರಡಿನ ಸದ್ದಿನ ನಡುವೆ ಅಪ್ಪನ ದನಿ ಬಂತು.

ಅಮ್ಮನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ತಂಗಿಗೆ ಫೋನ್ ಮಾಡಿದಳು.

ತಂಗಿ ಫಿಸಿಯೋಥೆರಪಿಸ್ಟ್. ಆಟಗಾರರ ಕೀಲುನೋವು, ಸ್ನಾಯುನೋವು ನೋಡುವುದೇ ಅವಳ ಕೆಲಸ. ಭಾನುವಾರ ಬೆಳಿಗ್ಗೆ ಬಂದವಳು ನೇರವಾಗಿ ತಾರಸಿಗೆ ಹೋಗಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಮನೆಯವರೆಲ್ಲ ಹಿಂದೆಯೇ ಹತ್ತಿ ಬಂದರು.

"ಭಾವ, ಇದು ಪೆಟ್ಟಿಗೆಯಲ್ಲ, ಬೀರು. ಒಂದು ಬಾಗಿಲು ಇಟ್ಟುಕೊಡಿ, ನಾನೇ ತಗೊಂಡು ಹೋಗ್ತೀನಿ."

"ಅಕ್ಕ ತಂಗಿ ಒಂದಾದ್ರಿ. ನಡೀಲಿ, ನಡೀಲಿ."

"ಈ ಅಭ್ಯಾಸಕ್ಕೆ ಏನಂತಾರೆ ಗೊತ್ತಾ? ಪ್ಲೈಯೋಮೆಟ್ರಿಕ್."

"ನನಗೆ ಪ್ಲೈವುಡ್ ಗೊತ್ತು. ಅಷ್ಟು ಸಾಕು."

"ಸರಿ, ನಾನೇ ಹೇಳ್ತೀನಿ. ನೆಲಕ್ಕೆ ಇಳಿದಾಗ ತೊಡೆ, ಮೀನಖಂಡದ ಸ್ನಾಯು ರಪ್ಪಂತ ಹಿಗ್ಗುತ್ತೆ. ಸ್ನಾಯುವನ್ನ ಮೂಳೆಗೆ ಕಟ್ಟಿರೋ ನಾರೂ ರಬ್ಬರಿನ ಹಾಗೆ ಹಿಗ್ಗುತ್ತೆ. ಹಿಗ್ಗಿದ್ದು ಆ ಕ್ಷಣವೇ ಕುಗ್ಗಿದ್ರೆ, ಆ ಎಳೆತವೂ ಸೇರಿ ಮೈಯನ್ನ ಮೇಲಕ್ಕೆ ಚಿಮ್ಮಿಸುತ್ತೆ. ಸರಿಯಾಗಿ ಮಾಡಿದ್ರೆ ಇದರಿಂದ ಜಿಗಿತ ಹೆಚ್ಚೋದು ನಿಜ."

"ಕೇಳಿದ್ಯಾ?" ಅಪ್ಪ ಹೆಂಡತಿಯ ಕಡೆ ತಿರುಗಿದ.

"ಪೂರ್ತಿ ಕೇಳಿ, ಭಾವ. ಎತ್ತರ ಮಿತಿ ಮೀರಿದ್ರೆ ಬಿದ್ದ ಪೆಟ್ಟನ್ನ ತಡ್ಕೊಳ್ಳೋದ್ರಲ್ಲೇ ಕಾಲು ಸೋತುಹೋಗುತ್ತೆ. ನೆಲದ ಮೇಲೆ ತಡವಾಗುತ್ತೆ, ಚಿಮ್ಮೋ ಶಕ್ತಿ ಅಲ್ಲೇ ಆರಿಹೋಗುತ್ತೆ. ಲಾಭ ಇಲ್ಲ, ಪೆಟ್ಟೆಲ್ಲ ಮಂಡಿಗೆ. ಅದೂ ಸಿಮೆಂಟಿನ ಮೇಲೆ! ಸಾಲದ್ದಕ್ಕೆ ಪಾಲಿಶ್ ಬೇರೆ. ಕಾಲು ಜಾರಿದ್ರೆ ಹಲ್ಲು ಕೈಗೆ ಬರುತ್ತೆ."

"ಹಾಗಾದ್ರೆ ಕೆಳಗೆ ಹಾಸಿಗೆ ಹಾಸ್ತೀನಿ."

"ಹಾಸಿಗೆ ಮೇಲೆ ಪಾದ ಹೊರಳುತ್ತೆ. ಚಿಮ್ಮೋದನ್ನೂ ಹಾಸಿಗೇನೇ ನುಂಗುತ್ತೆ. ಹುಲ್ಲಿನ ಸಮನೆಲ ಸಾಕು, ಇಲ್ಲ ಗಟ್ಟಿ ರಬ್ಬರ್ ಹಾಸು."

"ವಿಡಿಯೋದಲ್ಲಿ ಅವರು ಮಾಡಲ್ವಾ, ಚಿಕ್ಕಮ್ಮ?" ಎಂದಳು ಮಿಡತೆ.

"ಅವರು ವರ್ಷಗಟ್ಟಲೆ ಕಾಲು ಗಟ್ಟಿ ಮಾಡ್ಕೊಂಡು ಅಲ್ಲಿಗೆ ಬಂದಿರ್ತಾರೆ ಕಣೇ. ಆ ವರ್ಷಗಳ ವಿಡಿಯೋ ಯಾರೂ ಹಾಕಲ್ಲ. ವಾರದಲ್ಲಿ ಎಷ್ಟು ದಿನ ಮಾಡ್ತೀಯ ನೀನು?"

"ದಿನಾ."

"ದಿನಾ!" ಚಿಕ್ಕಮ್ಮ ತಲೆ ಹಿಡಿದುಕೊಂಡಳು. "ಭಾವ, ಅಂಟು ಒಣಗೋ ಮುಂಚೆ ಯಾರಾದ್ರೂ ಹೊಸ ಕುರ್ಚಿ ಮೇಲೆ ಕೂತರೆ ಏನು ಮಾಡ್ತೀರಿ?"

"ಕಿವಿ ಹಿಡಿದು ಎಬ್ಬಿಸ್ತೀನಿ."

"ಇವಳ ಕಾಲೂ ಅಷ್ಟೆ. ಒಂದು ದಿನ ಜಿಗಿದ್ರೆ ಎರಡು ದಿನ ಬಿಡಬೇಕು. ಆ ಬಿಡುವಿನಲ್ಲೇ ಬಲ ಕೂಡೋದು."

ಅಪ್ಪ ಗಡ್ಡ ಕೆರೆದುಕೊಂಡ. ಆದರೂ ಸೋಲಲಿಲ್ಲ. "ಮಾತಿಗೇನು, ಹುಡುಗಿ ಕಲ್ಲುಗುಂಡಿನ ಹಾಗಿದಾಳೆ."

"ಮರದೊಳಗೆ ಬಿರುಕಿದೆಯಾ ಅಂತ ಹೇಗೆ ತಿಳ್ಕೋತೀರಿ?"

"ತಟ್ಟಿ ಕೇಳ್ತೀನಿ. ನನ್ನ ಕಿವಿಗೆ ತಪ್ಪಿಸ್ಕೊಂಡ ಬಿರುಕಿಲ್ಲ."

"ಹಾಗಾದ್ರೆ ಬನ್ನಿ ಅಡುಗೆಮನೆಗೆ. ಮಿಡತೆ, ನೀನು ಇಲ್ಲೇ ನಿಂತಲ್ಲಿ ಸಣ್ಣಗೆ ಒಂದೆರಡು ಸಲ ಎಗರು. ಪೆಟ್ಟಿಗೆ ಹತ್ತಬೇಡ."

ದೊಡ್ಡವರು ಮೂವರೂ ಕೆಳಗೆ ಬಂದು ನಿಂತರು. ಅಪ್ಪ ಕಣ್ಣು ಮುಚ್ಚಿದ. ಧ-ಡಡ್. ಸ್ವಲ್ಪ ಬಿಟ್ಟು ಮತ್ತೆ, ಧ-ಡಡ್.

ಅಪ್ಪನ ಹುಬ್ಬು ಗಂಟಿಕ್ಕಿತು. "ಎರಡು ಸದ್ದಿದೆ," ಎಂದ. "ಕಾಲು ಒಟ್ಟಿಗೆ ಬೀಳ್ತಿಲ್ಲ. ಒಂದು ಮೊದಲು ಬೀಳುತ್ತೆ. ಇನ್ನೊಂದು ಹೆದರ್ಕೊಂಡು ಹಿಂದೆ ಬರುತ್ತೆ."

"ಇಷ್ಟು ದಿನದಿಂದ ನಾನು ಇನ್ನೇನು ಬಡ್ಕೋತಿದ್ದೆ!" ಎಂದಳು ಅಮ್ಮ. ಸೌಟು ಮತ್ತೆ ಅವಳ ಕೈಗೆ ಬಂದಿತ್ತು. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಆಮೇಲೆ ಮೆಟ್ಟಿಲು ಹತ್ತಿ ಹೋದ. ಹಿಂದೆಯೇ ಅಮ್ಮನೂ ಹೋದಳು.

"ಮಿಡತೆ, ಒಂದು ಕಾಲು ನೋಯ್ತಿದೆ ಅಲ್ವಾ?" ಎಂದು ಅಪ್ಪ ಕೇಳಿದ.

ಹುಡುಗಿ ತಲೆ ತಗ್ಗಿಸಿದಳು. "ಎಡಗಾಲು. ಮಂಡಿ ಕೆಳಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಚೆನ್ನಾಗಿ ಪೆಟ್ಟಿಗೆ ಮಾಡಿಕೊಟ್ಟಿದ್ದೆಯಲ್ಲಪ್ಪ. ಹೇಗೆ ಹೇಳಲಿ?"

ಮಾರನೆಯ ದಿನ ಡಾಕ್ಟರು ಪರೀಕ್ಷೆ ಮಾಡಿದರು. ಮಂಡಿಚಿಪ್ಪಿನ ಕೆಳಗಿನ ನಾರು ಕೆರಳಿತ್ತು. ಹರಿದಿರಲಿಲ್ಲ, ಅದೇ ಪುಣ್ಯ. ಆದರೆ ವಾಸಿಯಾಗುವವರೆಗೆ ಜಿಗಿಯುವಂತಿಲ್ಲ ಎಂದರು. ಈ ಸಲದ ಆಯ್ಕೆ ಕೈತಪ್ಪಿತು. ಮಿಡತೆ ಗೋಡೆಗೆ ಮುಖ ಮಾಡಿಕೊಂಡು ಅತ್ತಳು. ಬೈಯಬೇಕೆಂದು ಮಾತು ಕೂಡಿಟ್ಟುಕೊಂಡಿದ್ದ ಅಮ್ಮ ಅವಳ ಪಕ್ಕ ಕೂತು ಬೆನ್ನು ಸವರಿದಳು.

ಮನೆಯ ಮುಂಭಾಗದಿಂದ ಗರಗಸದ ಸದ್ದು ಬಂತು. ಅಮ್ಮ ಹೋಗಿ ನೋಡಿದರೆ, ಅಪ್ಪ ಪಾಲಿಶ್ ಪೆಟ್ಟಿಗೆಯನ್ನು ಕೆಳಗೆ ತಂದು ಕೊಯ್ಯುತ್ತಿದ್ದ. ಅಷ್ಟು ನಯವಾದ ಪೆಟ್ಟಿಗೆಯನ್ನು ಅವನು ಮತ್ತೆ ಮಾಡುತ್ತಾನೋ ಇಲ್ಲವೋ. ಕೊಯ್ದು, ಮೆಟ್ಟಿಲಿನಷ್ಟು ತಗ್ಗು ಮಾಡಿ, ಅಂಚು ದುಂಡಗೆ ಕೆತ್ತಿ, ಮೇಲೆ ಒರಟು ರಬ್ಬರ್ ಅಂಟಿಸಿದ. ಅಂಟು ಚೆನ್ನಾಗಿ ಒಣಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ.

ನೋವು ಹೋದ ಮೇಲೆ ಚಿಕ್ಕಮ್ಮನ ಪಾಠ ಶುರುವಾಯಿತು. ಮೊದಲು ಜಿಗಿತವೇ ಇಲ್ಲ. ಕೂತೇಳುವುದು, ಒಂಟಿಕಾಲಲ್ಲಿ ನಿಲ್ಲುವುದು. ಮಿಡತೆಗೆ ರೇಗಿಹೋಯಿತು. "ಇದೇನು ಚಿಕ್ಕಮ್ಮ, ಕೊಕ್ಕರೆ ಮಾಡ್ತಿದೀಯ ನನ್ನ!" ಆಮೇಲೆ ಇಳಿಯುವುದನ್ನು ಕಲಿಸಿದಳು: ಮಂಡಿ ಮಡಿಸಿ, ಮಂಡಿ ಒಳಕ್ಕೆ ವಾಲದಂತೆ, ಬೆಕ್ಕಿನ ಹಾಗೆ ಸದ್ದಿಲ್ಲದೆ. ಅದು ಬಂದ ಮೇಲಷ್ಟೇ ತಗ್ಗು ಪೆಟ್ಟಿಗೆಯ ಮೇಲಕ್ಕೆ ಹಾರುವುದು, ಕೆಳಕ್ಕೆ ಮಾತ್ರ ಹೆಜ್ಜೆಯಿಟ್ಟು ಇಳಿಯುವುದು. ಅದೂ ಮೈ ಬೆಚ್ಚಗಾದ ಮೇಲೆ, ದಣಿಯುವ ಮುಂಚೆ, ಕೆಲವೇ ಸಲ, ನಡುನಡುವೆ ನಿಂತು ಸುಧಾರಿಸಿಕೊಂಡು.

ಮತ್ತೊಂದು ಆಯ್ಕೆ ಹತ್ತಿರ ಬರುತ್ತಿತ್ತು. ಒಂದು ಸಂಜೆ ಅಪ್ಪ, ಅಮ್ಮ ಹುಲ್ಲಿನ ಮೈದಾನದ ಅಂಚಿನಲ್ಲಿ ಕೂತಿದ್ದರು. ಮಿಡತೆ ಜಿಗಿದಳು. ಅಪ್ಪ ಕಣ್ಣು ಮುಚ್ಚಿ ಕೇಳಿದ.

"ನಿನಗೇನಾದ್ರೂ ಕೇಳಿಸ್ತಾ?"

"ಇಲ್ಲ," ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳ ಹೆಗಲು ಸಡಿಲಾಯಿತು.

ಓದುವವರೇ, ನಿಮ್ಮ ಮನೆಯಲ್ಲೂ ಜಿಗಿಯುವ ಮಗು ಇರಬಹುದು. ಜಿಗಿಯಲಿ, ತಡೆಯಬೇಡಿ. ಆದರೆ ಎಷ್ಟು ಎತ್ತರ ಹಾರಿತು ಎಂದು ಕೇಳುವ ಮುಂಚೆ ಹೇಗೆ ಇಳಿಯಿತು ಎಂದು ನೋಡಿ. ಮೊಬೈಲ್ ನೋಡಿ ಎತ್ತರ ಗೊತ್ತುಮಾಡಬೇಡಿ, ತಿಳಿದ ತರಬೇತುದಾರರನ್ನು ಕೇಳಿ. ಇಳಿಯುವ ಸದ್ದು ಜೋರಾದರೆ ಅವತ್ತಿಗೆ ನಿಲ್ಲಿಸಿ. ನೋವಿದ್ದರೆ ಡಾಕ್ಟರಿಗೆ ತೋರಿಸಿ. ಮತ್ತು ಮನೆಯಲ್ಲಿ ಯಾರಾದರೂ ಅಡುಗೆಮನೆಯಿಂದ ಕೂಗಿ ಎಚ್ಚರಿಸುತ್ತಿದ್ದರೆ, ದಯವಿಟ್ಟು ಮೊದಲನೆಯ ಸಲವೇ ಕಿವಿಗೊಡಿ.