ರೋಲರಿನ ಮುಂದೆ ಹೂಂಗುಟ್ಟುವವರು

ಆಸ್ಪತ್ರೆಗಳ ಬೆಡ್‌ಶೀಟು ಒಗೆದು ಕಳಿಸುವ ಆ ಲಾಂಡ್ರಿಯಲ್ಲಿ ಬಿಸಿ ರೋಲರಿನ ಬಾಯಿಗೆ ಇಬ್ಬರು ಬೇಕು. ಒದ್ದೆ ಶೀಟಿನ ಎರಡು ಮೂಲೆ ಇಬ್ಬರು ಎಳೆದು ಹಿಡಿದು, ಅಂಚನ್ನು ಒಳಗೆ ಕೊಟ್ಟು, ರೋಲರು ಕಚ್ಚಿಕೊಂಡ ತಕ್ಷಣ ಕೈ ಬಿಡಬೇಕು. ಬಿಡುವುದೇ ಕೆಲಸ, ಹಿಡಿಯುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ಬೆರಳು ತಗುಲಿದರೆ ಯಂತ್ರ ನಿಲ್ಲಲೆಂದು ಬಾಯಿಯ ಮುಂದೆ ಒಂದು ಕಂಬಿ ಇತ್ತು. ಬಟ್ಟೆ ಸುಕ್ಕಾದರೂ ಅದು ಯಂತ್ರ ನಿಲ್ಲಿಸುತ್ತದೆ, ಕೆಲಸ ಹಿಂದೆ ಬೀಳುತ್ತದೆ ಎಂದು ಅದನ್ನು ಮೇಲಕ್ಕೆತ್ತಿ ತಂತಿ ಬಿಗಿದಿದ್ದರು. ಬಿಗಿಸಿದವರ ಬೆರಳು ಅಲ್ಲಿಗೆ ಬರುವುದಿಲ್ಲವಲ್ಲ.

ಆ ಆವಿಯ ಮುಂದೆ ನಿಂತರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ಅದಕ್ಕೆ ಹೆಂಗಸರು ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಬ್ಬಳು ಮಾತಾಡಬೇಕು, ಎದುರಿನವಳು ಹೂಂಗುಟ್ಟಬೇಕು. ಹೂಂ ಬರಲಿಲ್ಲವೋ, ಮಾತಾಡುತ್ತಿದ್ದವಳು ಕೂಗಿ ಶೀಟನ್ನು ತನ್ನ ಕಡೆ ಜಗ್ಗಬೇಕು. ಅತ್ತೆ, ಅಡುಗೆ, ಸೊಂಟನೋವು ಎಲ್ಲ ಊಟದ ಹೊತ್ತಿಗೇ ಖಾಲಿಯಾಗುತ್ತಿದ್ದವು. ಆಮೇಲೆ ಸರ್ಕಾರ ಬರುತ್ತಿತ್ತು, ಸಾವು ಬರುತ್ತಿತ್ತು, ದೇವರಿಗೆ ಬುದ್ಧಿ ಇದೆಯೋ ಇಲ್ಲವೋ ಎನ್ನುವುದೂ ಬರುತ್ತಿತ್ತು. ದೊಡ್ಡ ವಿಷಯಗಳನ್ನು ಅವರು ಹುಡುಕಿಕೊಂಡು ಹೋಗಿರಲಿಲ್ಲ. ಚಿಕ್ಕವು ಸಾಲುತ್ತಿರಲಿಲ್ಲ, ಅಷ್ಟೆ.

ಬಾಗಿಲ ಕಡೆಯ ತುದಿಯಲ್ಲಿ ಅತ್ತಿಗೆ, ಗೋಡೆ ಕಡೆಯ ತುದಿಯಲ್ಲಿ ಅವಳ ನಾದಿನಿ. ಅತ್ತಿಗೆಯ ಗಂಡ ಕಟ್ಟಡವೊಂದರ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ರಾತ್ರಿಯೆಲ್ಲ ಅವನನ್ನು ಮಗ್ಗುಲು ಬದಲಿಸುತ್ತಿರಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ತಂಗಿಯ ಕೈಯಲ್ಲಿ ಮೈ ಮುಟ್ಟಿಸಿಕೊಳ್ಳಲು ಅವನಿಗೆ ನಾಚಿಕೆ. ಹಾಗಾಗಿ ಅತ್ತಿಗೆಗೆ ನಿದ್ದೆ ಎಂಬುದು ರೋಲರಿನ ಮುಂದೆಯೇ ಬರುತ್ತಿತ್ತು. ನಾದಿನಿಯ ಮಾತೊಂದೇ ಅವಳ ಬೆರಳುಗಳನ್ನು ಕಾಯುತ್ತಿತ್ತು.

“ಅಲ್ಲ ಅತ್ತಿಗೆ, ನಿದ್ದೆ ಬಂದಾಗ ಈ ‘ನಾನು’ ಅನ್ನೋಳು ಎಲ್ಲಿಗೆ ಹೋಗ್ತಾಳೆ?”

“ಹೂಂ. ಅವಳೆಲ್ಲಿಗೆ ಹೋಗ್ತಾಳೋ, ಗೊರಕೆ ಮಾತ್ರ ನಮ್ಮನೇಲೇ ಬಿಟ್ಟು ಹೋಗ್ತಾಳೆ.”

“ತಮಾಷೆ ಬೇಡ. ಎಚ್ಚರ ಇದ್ದಾಗ ನಾನು. ಎಚ್ಚರ ತಪ್ಪಿದ್ರೆ ಯಾರು?”

“ಹೂಂ. ಎಚ್ಚರ ತಪ್ಪಿದ್ರೆ ಮತದಾರಳು.”

ರೋಲರಿನ ಆಚೆ ಬದಿಯಲ್ಲಿ ಶೀಟು ಮಡಿಸುವ ಮುದುಕ ನಕ್ಕ. ಪೊಟ್ಟಣ ಕಟ್ಟುವ ಹಳೇ ಪೇಪರನ್ನು ಓದದೆ ಬಿಡುವುದಿಲ್ಲವೆಂದು ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. “ಹಾಗಲ್ಲಮ್ಮ, ಓಟು ಹಾಕೋವಾಗ ಎಚ್ಚರ ಇರುತ್ತೆ. ಗೆದ್ದೋನು ಆಮೇಲೆ ಜೋಗುಳ ಹಾಡ್ತಾನೆ.”

“ಜೋಗುಳ ಯಾರು ಹಾಡ್ತಾರೆ ಮೇಷ್ಟ್ರೇ, ಒದ್ದು ಮಲಗಿಸ್ತಾರೆ” ಎಂದಳು ನಾದಿನಿ.

“ಏನೇ ಆಗ್ಲಿ,” ಅತ್ತಿಗೆ ಇನ್ನೊಂದು ಶೀಟು ಕೊಡವಿದಳು, “ಮಂತ್ರಿ ಸತ್ರೂ ಕೂಲಿಯೋನು ಸತ್ರೂ ಶೀಟಿನ ಮೇಲೆ ಒಂದೇ ಥರ ಕಲೆ. ನಂಗೆ ಅದೊಂದೇ ಸಮಾಧಾನ.”

“ಮಂತ್ರಿ ಶೀಟು ಬೇರೆ ಲಾಂಡ್ರಿಗೆ ಹೋಗುತ್ತೆ ಅತ್ತಿಗೆ.”

“ಥೂ, ಇದ್ದ ಒಂದು ಸಮಾಧಾನಾನೂ ಕಿತ್ಕೊಂಡ್ಯಲ್ಲೇ, ಮನೆಹಾಳಿ!”

ಇಷ್ಟಕ್ಕೇ ನಿಂತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಡವರು ಆತ್ಮದ ಬಗ್ಗೆ ಎಷ್ಟು ಬೇಕಾದರೂ ಮಾತಾಡಲಿ, ಅದರಿಂದ ಯಂತ್ರವೇನೂ ನಿಲ್ಲುವುದಿಲ್ಲ. ಆದರೆ ನಾದಿನಿ ಆ ಮಧ್ಯಾಹ್ನ ತಂತಿ ಬಿಗಿದ ಕಂಬಿಯನ್ನು ಗಲ್ಲದಿಂದಲೇ ತೋರಿಸಿ, “ಅದನ್ನ ಬಿಚ್ಚಿ ಅಂತ ನಾವೆಲ್ಲ ಒಟ್ಟಿಗೆ ಕೇಳಿದ್ರೆ ಏನ್ ಮಾಡ್ತಾರೆ?” ಎಂದುಬಿಟ್ಟಳು.

ಮರುದಿನ ಸೂಪರ್‌ವೈಸರ್ ತನ್ನ ಗಾಜಿನ ಕೋಣೆಯಿಂದ ಹೊರಗೆ ಬಂದ. ಯಂತ್ರದ ಹತ್ತಿರ ಇನ್ನು ಮಾತು ಕೂಡದು. ಮಾತಾಡಿದವರೂ ತೂಕಡಿಸಿದವರೂ ಅವತ್ತೇ ಮನೆಗೆ. ಎಲ್ಲ ನಿಮ್ಮ ಸುರಕ್ಷತೆಗೇ ಎಂದ.

“ಸಾರ್, ಮಾತಿಂದಾನೇ ನಮ್ಮ ಕೈ ಉಳಿದಿರೋದು” ಎಂದಳು ನಾದಿನಿ.

“ಯಾಕೆ, ಬಾಯಿ ಮುಚ್ಕೊಂಡು ಎಚ್ಚರವಾಗಿರೋಕೆ ಬರಲ್ವಾ ನಿಮಗೆ?”

ಬರುತ್ತದೆ ಎಂದು ತೋರಿಸುವುದೇ ಅಂದಿನಿಂದ ಕೆಲಸವಾಯಿತು. ನಾದಿನಿ ಕಾಲು ತಟ್ಟಿ ನೋಡಿದಳು. ಯಂತ್ರದ ಸದ್ದು ಅದನ್ನು ನುಂಗಿತು. ಹುಬ್ಬು ಹಾರಿಸಿದಳು, ಅತ್ತಿಗೆ ತಲೆಯಾಡಿಸಿ ಉತ್ತರಿಸಿದಳು. ಕೆಲವು ದಿನ ಹಾಗೇ ನಡೆಯಿತು. ಒಂದು ದಿನ ಊಟದ ನಂತರ ನಾದಿನಿ ಹುಬ್ಬು ಹಾರಿಸಿದಾಗ ಅತ್ತಿಗೆಯ ಕಣ್ಣುಗಳು ತೆರೆದೇ ಇದ್ದವು, ಅವುಗಳೊಳಗೆ ಯಾರೂ ಇರಲಿಲ್ಲ. ರೋಲರು ಶೀಟು ಕಚ್ಚಿತು. ಅತ್ತಿಗೆಯ ಎಡಗೈ ಬಿಡಲಿಲ್ಲ.

“ಅತ್ತಿಗೇ!”

ಕೂಗುತ್ತಲೇ ನಾದಿನಿ ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಶೀಟು ಪರ್ರನೆ ಹರಿಯಿತು. ಅರ್ಧ ಒಳಗೆ ಮುದ್ದೆಯಾಗಿ ಸಿಕ್ಕಿ ಸುಟ್ಟ ವಾಸನೆ ಬಂತು. ಮೇಷ್ಟ್ರು ಓಡಿಬಂದು ಗೋಡೆಯ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ. ಅತ್ತಿಗೆಯ ಬೆರಳ ತುದಿಗಳು ಮಾತ್ರ ಬೊಬ್ಬೆಯೆದ್ದಿದ್ದವು. ಅವಳು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಯಾರು ಕೂಗಿದ್ದು?” ಸೂಪರ್‌ವೈಸರ್ ಕೇಳಿದ.

“ನಾನು ಸಾರ್. ಅತ್ತಿಗೆಗೆ ಒಂಚೂರು ತೂಕಡಿಕೆ—” ನಾದಿನಿ ನಾಲಿಗೆ ಕಚ್ಚಿಕೊಂಡಳು. ಆಡಿದ್ದು ಆಗಿಹೋಗಿತ್ತು.

ಅವನು ಅತ್ತಿಗೆಯ ಕಡೆ ತಿರುಗಿದ. “ಹೌದಾ? ನಿದ್ದೆ ಮಾಡ್ತಿದ್ಯಾ?”

ಹೌದೆಂದರೆ ಇಬ್ಬರೂ ಮನೆಗೆ. ಇಲ್ಲವೆಂದರೆ ಒಬ್ಬಳು. ಮನೆಯಲ್ಲಿ ಮಲಗಿದವನ ಔಷಧಿ, ಬಾಡಿಗೆ, ಒಲೆ ಎಲ್ಲವೂ ಉಳಿಯುವ ಆ ಒಂದು ಕೂಲಿಯಿಂದಲೇ ನಡೆಯಬೇಕು.

“ಇಲ್ಲ ಸಾರ್. ಎಚ್ಚರವಾಗೇ ಇದ್ದೆ.”

“ಮತ್ತೆ ಇವಳ್ಯಾಕೆ ಕೂಗಿದ್ಲು?”

“ಅವಳಿಗೆ ಬಾಯಿ ಸುಮ್ನಿರಲ್ಲ ಸಾರ್.”

ಎಲ್ಲರೂ ಕಂಡಿದ್ದರು. ಮೇಷ್ಟ್ರು ತಲೆ ತಗ್ಗಿಸಿ, ಆಗಲೇ ಮಡಿಸಿದ್ದ ಶೀಟನ್ನು ಬಿಚ್ಚಿ ಮತ್ತೆ ಮಡಿಸತೊಡಗಿದ. ಇಷ್ಟು ದಿನ ಸರ್ಕಾರಗಳನ್ನೇ ಬೈದಿದ್ದ ಬಾಯಿಗಳೆಲ್ಲ ಒಬ್ಬ ಸೂಪರ್‌ವೈಸರನ ಮುಂದೆ ಹೊಲಿದುಕೊಂಡಿದ್ದವು. ನಾದಿನಿ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಹೊರಟಳು.

ಸಂಜೆ ಅತ್ತಿಗೆ ಮನೆಗೆ ಬಂದಾಗ ನಾದಿನಿ ಅಣ್ಣನ ಕಣ್ಣಿಗೆ ಬಟ್ಟೆ ಕಟ್ಟಿ, ಅವನ ಮಗ್ಗುಲು ಬದಲಿಸುತ್ತಿದ್ದಳು. ನೋಡದಿದ್ದರೆ ನಾಚಿಕೆ ಕಡಿಮೆಯಾಗುತ್ತದೆ ಎಂದು ಅವನೇ ಕಟ್ಟಿಸಿಕೊಂಡಿದ್ದನಂತೆ. ಅತ್ತಿಗೆ ಬಾಗಿಲಲ್ಲೇ ನಿಂತಳು.

“ಬೈದುಬಿಡೇ.”

“ಬೈಯೋಕೇನಿದೆ. ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ನೇನೋ.” ನಾದಿನಿ ಅವಳ ಮುಖ ನೋಡಲಿಲ್ಲ. “ಕೈಗೆ ಏನಾದ್ರೂ ಹಚ್ಕೊಂಡ್ರಾ?”

“ಹೂಂ.”

“ನಾಳೆ ಎದುರಿಗೆ ಯಾರು?”

“ಯಾರೋ ಹೊಸಬಳಂತೆ.”

“ನಾಳೆ ಹೋಗಬೇಡಿ ಅತ್ತಿಗೆ.”

“ಹೋಗ್ದೆ?”

ನಾದಿನಿ ಅಣ್ಣನ ಬೆನ್ನಿಗೆ ದಿಂಬು ಒತ್ತಿದಳು. ಬಟ್ಟೆ ಕಟ್ಟಿಕೊಂಡೇ ಮಲಗಿದ್ದ ಅಣ್ಣ, “ದೀಪ ಹಾಕಿದ್ದೀರಾ?” ಎಂದು ಕೇಳಿದ. ರಾತ್ರಿ ಅವನನ್ನು ನೋಡಿಕೊಳ್ಳುತ್ತೇನೆಂದು ನಾದಿನಿ ಹಟ ಹಿಡಿದಳು. ಅತ್ತಿಗೆ ಮಲಗಿದಳು. ಆದರೆ ಕಣ್ಣು ಮುಚ್ಚಿದಾಗಲೆಲ್ಲ ತನ್ನದೇ ದನಿ ‘ಎಚ್ಚರವಾಗೇ ಇದ್ದೆ’ ಎನ್ನುತ್ತಿತ್ತು. ನಿದ್ದೆ ಹತ್ತಿರ ಸುಳಿಯಲಿಲ್ಲ.

ಬೆಳಿಗ್ಗೆ ಎದುರು ತುದಿಯಲ್ಲಿ ನಿಂತವಳು ಎಳೆ ಬಾಣಂತಿ. ಕುಪ್ಪಸದ ಮೇಲೆ ಹಾಲಿನ ಒದ್ದೆ ಹರಡಿತ್ತು. ಅತ್ತಿಗೆ ಶೀಟು ಕೊಡವುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದಳು: “ನೀನೇನೂ ಹೇಳ್ಬೇಡಮ್ಮ. ನಾನು ಸಣ್ಣಗೆ ಮಾತಾಡ್ತೀನಿ, ನೀನು ಹೂಂ ಅಂದ್ರೆ ಸಾಕು.”

ಬಾಣಂತಿ ಗಾಜಿನ ಕೋಣೆಯ ಕಡೆ ನೋಡಿದಳು. ತುಟಿ ಬಿಗಿದು, ಬೇಡವೆಂದು ತಲೆಯಾಡಿಸಿದಳು. ಅವಳ ಮನೆಯಲ್ಲೂ ಯಾರೋ ಹಸಿದು ಮಲಗಿದ್ದಾರಲ್ಲ.

ಅತ್ತಿಗೆ ಕೆನ್ನೆಯ ಒಳಭಾಗವನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಉಪ್ಪು ರುಚಿ ಬಂತು, ಕಣ್ಣು ತೆರೆಯಿತು. ಊಟದ ಹೊತ್ತಿಗೆ ಎರಡೂ ಕಡೆಯ ಕೆನ್ನೆ ಕಚ್ಚಲು ಜಾಗವಿಲ್ಲದಂತೆ ಹರಿದಿದ್ದವು. ಅನ್ನ ಬಾಯಿಗಿಡಲಾಗದೆ ನೀರು ಕುಡಿದು ಎದ್ದಳು. ಅಷ್ಟರಲ್ಲಿ ಒದ್ದೆ ಶೀಟಿನ ಗಾಡಿ ತಳ್ಳಿಕೊಂಡು ಬಂದು ರೋಲರಿನ ಮುಂದೆ ನಿಲ್ಲಿಸಿದರು.